ಪ್ರಮಾಣಿಸಿ ನೋಡಿದ ಐಂದ್ರಜಾಲಿಕ: ಹ್ಯಾರಿ ಹುಡಿನಿ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬ ಗಾದೆ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಪ್ರಮಾಣವೆಂಬ ಮಾತು ಶಾಸ್ತ್ರದ್ದಾದರೂ ಗಾದೆ ಜನಸಾಮಾನ್ಯರದು. ಸಂತೆಯ ಗಾರುಡಿಗನ ಆಟಕ್ಕೆ ಬೆರಗಾಗಿ, ಮರುಕ್ಷಣವೇ ಆತನ ಕೈಯ ಕಡೆಗೆ ಕಣ್ಣು ಹೊರಳಿಸಿದವರ ಅನುಭವ ಅದರಲ್ಲಿದೆ. ದೆವ್ವದ ಮನೆಗಳ ಶೋಧನೆ, ಮೃತರೊಡನೆ ಸಂಭಾಷಣೆ, ಮನೋಬಲದಿಂದ ಚಮಚ ಬಾಗಿಸುವ ಪ್ರದರ್ಶನ ಇವೆಲ್ಲ ದೂರದರ್ಶನದ ಪರದೆಯ ಮೂಲಕ ಮನೆಯ ನಡುಕೋಣೆಗೇ ಬಂದಿರುವ ಕಾಲದಲ್ಲಿ ಆ ಗಾದೆಯನ್ನು ಆಚರಣೆಗೆ ತರುವ ಬಗೆ ಯಾವುದೆಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ತನ್ನ ಬದುಕಿನ ಮೂಲಕವೇ ಉತ್ತರ ಹುಡುಕಿದವನು ಹ್ಯಾರಿ ಹುಡಿನಿ. ದೂರದರ್ಶನ ಬಳಕೆಗೆ ಬರುವ ಮುನ್ನವೇ ತೀರಿಕೊಂಡ ಈತ, ಅಲೌಕಿಕವೆನಿಸಿಕೊಂಡುದರ ಪರೀಕ್ಷೆಯನ್ನು ಸಾವಿರಾರು ಪ್ರೇಕ್ಷಕರ ಎದುರಿಗೆ ತಂದವರಲ್ಲಿ ಅಗ್ರಗಣ್ಯನು.

ಹುಡಿನಿಯ ನಿಜನಾಮ ಎರಿಕ್ ವೈಸ್. 1874ರ ಮಾರ್ಚ್ 24ರಂದು ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿ ಜನಿಸಿದನು. ತಂದೆ ಮೇಯರ್ ಸ್ಯಾಮ್ಯುಯೆಲ್ ಯಹೂದಿ ಧರ್ಮಗುರು, ತಾಯಿ ಸೆಸೀಲಿಯಾ. 1878ರಲ್ಲಿ ಕುಟುಂಬ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತ್ಯದ ಆಪಲ್ಟನ್ ಎಂಬ ಊರಿಗೆ ಬಂದು ನೆಲೆಸಿತು. ಅಲ್ಲಿನ ಕೆಲಸ ತಂದೆಯ ಕೈತಪ್ಪಿದ ಮೇಲೆ ಬಡತನ ಬೆನ್ನಟ್ಟಿತು. ಹುಡುಗ ಎರಿಕ್ ವೃತ್ತಪತ್ರಿಕೆ ಮಾರಿದನು. ನ್ಯೂಯಾರ್ಕಿಗೆ ಬಂದ ಬಳಿಕ ನೆಕ್‌ಟೈ ತಯಾರಿಸುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿದನು. ಫ್ರಾನ್ಸಿನ ಪ್ರಸಿದ್ಧ ಐಂದ್ರಜಾಲಿಕ ರಾಬೇರ್ ಹುಡಾನ್‌ನ ಆತ್ಮಕಥೆ ಕೈಗೆ ಸಿಕ್ಕಿದ್ದು ಆತನ ಬದುಕಿನ ದಿಕ್ಕನ್ನೇ ಬದಲಿಸಿತು. ಆ ಹೆಸರಿಗೆ ಒಂದು ಸ್ವರ ಸೇರಿಸಿ ತನ್ನ ರಂಗನಾಮ ಮಾಡಿಕೊಂಡನು. ಮುಂದೆ 1908ರಲ್ಲಿ ಅದೇ ಗುರುವಿನ ಹೆಗ್ಗಳಿಕೆಗಳನ್ನು ಪ್ರಶ್ನಿಸಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ತಾನು ಪೂಜಿಸಿದ ಮೂರ್ತಿಯನ್ನೂ ಒರೆಗೆ ಹಚ್ಚುವ ಈ ಸ್ವಭಾವದಲ್ಲಿ ಸತ್ಯನಿಷ್ಠೆಯಷ್ಟೇ ಅಹಂಕಾರವೂ ಇತ್ತೆಂಬುದನ್ನು ಮರೆಯಬಾರದು. ತಾನು ಆಪಲ್ಟನ್ನಿನಲ್ಲಿಯೇ ಹುಟ್ಟಿದವನೆಂದು ಜೀವನದುದ್ದಕ್ಕೂ ಹೇಳಿಕೊಂಡು ಬಂದವನೂ ಈತನೇ.

1894ರಲ್ಲಿ ಬೆಸ್ ಎಂಬ ಯುವತಿಯನ್ನು ವಿವಾಹವಾದನು. ದಂಪತಿಗಳು ಊರೂರು ಅಲೆದು ಆಟವಾಡಿದರೂ ಹೊಟ್ಟೆ ತುಂಬುತ್ತಿರಲಿಲ್ಲ. ಆ ಕಷ್ಟದ ದಿನಗಳಲ್ಲಿ, 1897-98ರ ಸುಮಾರಿಗೆ, ಔಷಧ ಮಾರುವ ಒಂದು ಸಂಚಾರಿ ತಂಡದೊಡನೆ ಕ್ಯಾನ್ಸಸ್ ಪ್ರಾಂತ್ಯದಲ್ಲಿ ತಿರುಗುತ್ತಿದ್ದಾಗ ಹುಡಿನಿ ಸ್ವತಃ ಪ್ರೇತಾವಾಹಕನ ವೇಷ ಧರಿಸಿದನು. ಊರಿನ ಸ್ಮಶಾನಕ್ಕೆ ಹೋಗಿ ಗೋರಿಗಳ ಮೇಲಿನ ಹೆಸರು, ದಿನಾಂಕಗಳನ್ನು ಮೊದಲೇ ಗುರುತು ಹಾಕಿಕೊಳ್ಳುವುದು, ಊರಿನ ಸುದ್ದಿಯನ್ನು ಅವರಿವರ ಬಾಯಿಂದ ಸಂಗ್ರಹಿಸುವುದು, ರಾತ್ರಿ ಅದನ್ನೇ ಮೃತರ ಸಂದೇಶವೆಂದು ನುಡಿಯುವುದು ಈ ವೃತ್ತಿಯ ಗುಟ್ಟು. ಕೇಳಿದವರ ಕಣ್ಣೀರು ನಿಜವಾದುದೆಂಬುದನ್ನು ಆತನು ಅಲ್ಲಿ ಕಂಡನು. ಆ ಕೆಲಸದ ಬಗ್ಗೆ ಮುಂದೆ ಪಶ್ಚಾತ್ತಾಪಪಟ್ಟನು. ವಂಚನೆಯನ್ನು ಒಳಗಿನಿಂದ ಬಲ್ಲ ಈ ಅನುಭವ ಆತನ ಮುಂದಿನ ವಿಮರ್ಶೆಗೆ ಬಂಡವಾಳವಾಯಿತು.

1899ರಲ್ಲಿ ಮಾರ್ಟಿನ್ ಬೆಕ್ ಎಂಬ ರಂಗೋದ್ಯಮಿಯ ಕಣ್ಣಿಗೆ ಬಿದ್ದ ಮೇಲೆ ಭಾಗ್ಯದ ಬಾಗಿಲು ತೆರೆಯಿತು. 1900ರಿಂದ ಯುರೋಪಿನ ನಗರಗಳಲ್ಲಿ ಪೊಲೀಸರ ಬೇಡಿಗಳಿಂದ, ಸೆರೆಮನೆಯ ಕೋಣೆಗಳಿಂದ ಬಿಡಿಸಿಕೊಂಡು ಜಗತ್ಪ್ರಸಿದ್ಧನಾದನು. ನೀರು ತುಂಬಿದ ಹಾಲಿನ ಕ್ಯಾನು, ತಲೆಕೆಳಗಾಗಿ ಇಳಿಸಲಾಗುತ್ತಿದ್ದ ನೀರಿನ ಪೆಟ್ಟಿಗೆ ಮೊದಲಾದವು ಆತನ ಹೆಸರಿನೊಡನೆ ಬೆಸೆದುಕೊಂಡಿವೆ. ಇವುಗಳ ಹಿಂದೆ ದೈವಶಕ್ತಿಯಿದೆಯೆಂದು ಆತನು ಎಂದೂ ಹೇಳಿಕೊಳ್ಳಲಿಲ್ಲ. ಬೀಗಗಳ ಜ್ಞಾನ, ಅಂಗಸಾಧನೆ, ಉಸಿರಿನ ನಿಯಂತ್ರಣ, ದೀರ್ಘ ಅಭ್ಯಾಸ ಇಷ್ಟೇ ತನ್ನ ಮೂಲಧನವೆಂದು ಸಾರಿದನು. ಗುಟ್ಟನ್ನು ಮಾತ್ರ ಬಿಟ್ಟುಕೊಡಲಿಲ್ಲ.

1913ರ ಜುಲೈ ತಿಂಗಳಲ್ಲಿ, ಹುಡಿನಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿದ್ದಾಗ, ತಾಯಿ ತೀರಿಕೊಂಡ ಸುದ್ದಿ ತಂತಿಯ ಮೂಲಕ ಬಂದಿತು. ತಾಯಿಯೆಂದರೆ ಆತನಿಗೆ ಪಂಚಪ್ರಾಣ. ಆ ದುಃಖದಿಂದ ಆತನು ಪೂರ್ಣವಾಗಿ ಚೇತರಿಸಿಕೊಳ್ಳಲಿಲ್ಲವೆಂದೇ ಜೀವನ ಚರಿತ್ರಕಾರರ ಅಭಿಪ್ರಾಯ. ಮುಂದೆ ಆತನು ಪ್ರೇತಗೋಷ್ಠಿಗಳತ್ತ ಹೊರಳಿದುದನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ತಾಯಿಯ ಒಂದು ಮಾತು ಕೇಳಬೇಕೆಂಬ ಹಂಬಲ ಆತನಲ್ಲಿತ್ತು. ಆದರೆ ಆ ಹಂಬಲವೇ ಪುರಾವೆಯಾಗಲಾರದೆಂಬ ಎಚ್ಚರವೂ ಇತ್ತು.

ಅಮೆರಿಕದಲ್ಲಿ ಪ್ರೇತವಾದದ ಅಲೆ ಎದ್ದುದು 1848ರಲ್ಲಿ, ನ್ಯೂಯಾರ್ಕ್ ಪ್ರಾಂತ್ಯದ ಹೈಡ್ಸ್‌ವಿಲ್ ಎಂಬ ಹಳ್ಳಿಯ ಫಾಕ್ಸ್ ಸೋದರಿಯರಿಂದ. ಗೋಡೆ, ನೆಲಗಳಲ್ಲಿ ಕೇಳಿಬರುತ್ತಿದ್ದ ಬಡಿತದ ಸದ್ದನ್ನು ಪ್ರೇತಗಳ ಉತ್ತರವೆಂದು ಜನ ನಂಬಿದರು. 1888ರಲ್ಲಿ ಸೋದರಿಯರಲ್ಲೊಬ್ಬಳಾದ ಮಾರ್ಗರೆಟ್, ತುಂಬಿದ ಸಭೆಯ ಮುಂದೆ, ಆ ಸದ್ದು ತನ್ನ ಕಾಲ್ಬೆರಳಿನ ಕೀಲಿನಿಂದ ಹೊರಡಿಸಿದ್ದೆಂದು ತೋರಿಸಿಕೊಟ್ಟಳು. ಆಕೆ ಮರುವರ್ಷ ಆ ಹೇಳಿಕೆಯನ್ನು ಹಿಂತೆಗೆದುಕೊಂಡಳು. ನಂಬಿದವರ ನಂಬಿಕೆ ಕದಲಲಿಲ್ಲ. ಒಂದನೆಯ ಮಹಾಯುದ್ಧ ಮತ್ತು 1918ರ ಇನ್‌ಫ್ಲುಯೆಂಜಾ ಲಕ್ಷೋಪಲಕ್ಷ ಮನೆಗಳಲ್ಲಿ ಮಕ್ಕಳನ್ನು ಕಿತ್ತುಕೊಂಡಾಗ ಪ್ರೇತವಾದಕ್ಕೆ ಹೊಸ ಜೀವ ಬಂದಿತು. ಷರ್ಲಾಕ್ ಹೋಮ್ಸ್‌ನಂತಹ ತರ್ಕಕುಶಲ ಪಾತ್ರವನ್ನು ಸೃಷ್ಟಿಸಿದ ಸರ್ ಆರ್ಥರ್ ಕಾನನ್ ಡಾಯ್ಲ್ ಈ ಮತದ ಬಹುದೊಡ್ಡ ಪ್ರಚಾರಕನಾಗಿದ್ದನು. ಆತನೂ 1918ರಲ್ಲಿ ಮಗನನ್ನು ಕಳೆದುಕೊಂಡಿದ್ದವನು.

1920ರಲ್ಲಿ ಇವರಿಬ್ಬರ ಸ್ನೇಹ ಬೆಳೆಯಿತು. 1922ರ ಜೂನ್ ತಿಂಗಳಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡಾಯ್ಲ್‌ನ ಪತ್ನಿ ಸ್ವಯಂಲೇಖನದ ಮೂಲಕ ಹುಡಿನಿಯ ತಾಯಿಯ ಸಂದೇಶವೆಂದು ಹಲವು ಪುಟಗಳನ್ನು ಬರೆದುಕೊಟ್ಟಳು. ಬರಹದ ಆರಂಭದಲ್ಲಿ ಶಿಲುಬೆಯ ಗುರುತಿತ್ತು. ಭಾಷೆ ಇಂಗ್ಲಿಷ್ ಆಗಿತ್ತು. ತಾಯಿಯಾದರೋ ಯಹೂದಿ ಧರ್ಮಗುರುವಿನ ಮಡದಿ. ಇಂಗ್ಲಿಷ್ ಆಕೆಯ ಭಾಷೆಯಾಗಿರಲಿಲ್ಲ. ಪರಲೋಕದಲ್ಲಿ ಆತ್ಮಗಳು ವಿದ್ಯಾವಂತವಾಗುತ್ತವೆಂದು ಡಾಯ್ಲ್ ಸಮಾಧಾನ ಹೇಳಿದನು. ಆ ದಂಪತಿಗಳ ಪ್ರಾಮಾಣಿಕತೆಯನ್ನು ಹುಡಿನಿ ಶಂಕಿಸಲಿಲ್ಲ, ಸಂದೇಶವನ್ನು ಮಾತ್ರ ಒಪ್ಪಲಿಲ್ಲ. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಹುಡಿನಿ ಪೆಟ್ಟಿಗೆಗಳಿಂದ ಪಾರಾಗುವುದು ದಿವ್ಯಶಕ್ತಿಯಿಂದಲೇ ಎಂದು ಡಾಯ್ಲ್ ನಂಬಿದ್ದನು. ಹುಡಿನಿ ಎಷ್ಟು ನಿರಾಕರಿಸಿದರೂ ಅದನ್ನು ಗುಟ್ಟು ಮುಚ್ಚುವ ಮಾತೆಂದೇ ತಿಳಿದನು. ಯಾವ ಸಾಕ್ಷ್ಯದಿಂದಲೂ ಅಲುಗಾಡದ ನಂಬಿಕೆಗೆ ಎದುರು ಸಾಕ್ಷ್ಯವೂ ಪೋಷಕವಾಗಿಯೇ ಒದಗುತ್ತದೆ. ಇಬ್ಬರ ಸ್ನೇಹ ಕೆಲಕಾಲದಲ್ಲೇ ಮುರಿದುಬಿದ್ದಿತು.

1922ರ ಕೊನೆಯಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆ, ಪ್ರೇತಶಕ್ತಿಯನ್ನು ಪರೀಕ್ಷಕರ ಮುಂದೆ ಸಿದ್ಧಪಡಿಸಿ ತೋರುವವರಿಗೆ 2,500 ಡಾಲರ್‌ಗಳ ಬಹುಮಾನ ಸಾರಿತು. ಪರೀಕ್ಷಾ ಸಮಿತಿಯಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಮ್ಯಾಕ್‌ಡೂಗಲ್, ಭೌತವಿಜ್ಞಾನಿ ಡೇನಿಯಲ್ ಕಾಮ್‌ಸ್ಟಾಕ್ ಮೊದಲಾದ ವಿದ್ವಾಂಸರೊಡನೆ ಹುಡಿನಿಯೂ ಇದ್ದನು. ವಿಜ್ಞಾನಿಗೆ ಪ್ರಕೃತಿಯೊಡನೆ ವ್ಯವಹರಿಸಿ ಅಭ್ಯಾಸ. ಪ್ರಕೃತಿ ಗೂಢವಾಗಿರಬಹುದು, ಕೈಚಳಕ ಮಾಡುವುದಿಲ್ಲ. ಕೈಚಳಕ ಮಾಡುವ ಮನುಷ್ಯನನ್ನು ಪರೀಕ್ಷಿಸಲು ಆ ವಿದ್ಯೆಯನ್ನೇ ಬಲ್ಲವನು ಬೇಕೆಂಬುದು ಹುಡಿನಿಯ ವಾದವಾಗಿತ್ತು.

ಬಾಸ್ಟನ್ನಿನ ಶಸ್ತ್ರವೈದ್ಯನೊಬ್ಬನ ಪತ್ನಿ ಮೀನಾ ಕ್ರ್ಯಾಂಡನ್, ಮಾರ್ಜರಿ ಎಂಬ ಹೆಸರಿನಿಂದ, ಬಹುಮಾನಕ್ಕೆ ತೀರ ಹತ್ತಿರ ಬಂದಿದ್ದಳು. 1924ರ ಜುಲೈ 23ರ ರಾತ್ರಿ ಕತ್ತಲ ಕೋಣೆಯಲ್ಲಿ ಹುಡಿನಿ ಆಕೆಯ ಎಡಪಕ್ಕದಲ್ಲಿ ಕುಳಿತನು. ಆತನ ಕಾಲುಗಳ ನಡುವೆ, ಒತ್ತಿದರೆ ಗಂಟೆ ಬಾರಿಸುವ ಒಂದು ಪೆಟ್ಟಿಗೆಯಿತ್ತು. ಅಂದು ಹಗಲೆಲ್ಲ ಆತನು ಮೊಣಕಾಲ ಕೆಳಗೆ ರಬ್ಬರು ಪಟ್ಟಿ ಬಿಗಿದುಕೊಂಡಿದ್ದನು. ಅದರಿಂದ ಮೀನಖಂಡದ ಚರ್ಮ ಊದಿಕೊಂಡು, ಸ್ವಲ್ಪ ತಗಲಿದರೂ ತಿಳಿಯುವಷ್ಟು ಸೂಕ್ಷ್ಮವಾಗಿತ್ತು. ಗೋಷ್ಠಿ ನಡೆಯುತ್ತಿದ್ದಂತೆ ಆಕೆಯ ಕಾಲು ಇಂಚಿಂಚಾಗಿ ಪೆಟ್ಟಿಗೆಯತ್ತ ಸರಿಯುವುದು ಅರಿವಿಗೆ ಬಂದಿತೆಂದು ಆತನು ವರದಿ ಮಾಡಿದನು. ಮುಂದಿನ ತಿಂಗಳು ಆಕೆಯನ್ನು ಮರದ ಪೆಟ್ಟಿಗೆಯೊಳಗೆ ಕೂರಿಸಿ ಪರೀಕ್ಷಿಸಿದಾಗ ಅದರೊಳಗೆ ಮಡಚುವ ಅಳತೆಪಟ್ಟಿಯೊಂದು ಸಿಕ್ಕಿತು. ಅದನ್ನು ಆಕೆಯೇ ತಂದಳೆಂದು ಹುಡಿನಿಯೂ, ಹುಡಿನಿಯೇ ಇರಿಸಿದನೆಂದು ಎದುರು ಪಕ್ಷದವರೂ ಆರೋಪಿಸಿದರು. ಈ ವಿವಾದ ಬಗೆಹರಿಯಲೇ ಇಲ್ಲ. ಪರೀಕ್ಷಕನೂ ಪರೀಕ್ಷೆಗೆ ಹೊರತಲ್ಲವೆಂಬ ಪಾಠ ಇದರಲ್ಲಿದೆ. ಹುಡಿನಿಯ ಅಭಿಮಾನಿಗಳು ಇದನ್ನು ಮರೆಮಾಚಬೇಕಾಗಿಲ್ಲ. 1925ರ ಫೆಬ್ರವರಿಯಲ್ಲಿ ಸಮಿತಿ ಬಹುಮಾನ ನಿರಾಕರಿಸಿತು. 1932ರಲ್ಲಿ, ಮಾರ್ಜರಿಯ ಗೋಷ್ಠಿಗಳಲ್ಲಿ ಪ್ರೇತದ್ದೆಂದು ತೋರಿಸಲಾಗಿದ್ದ ಹೆಬ್ಬೆರಳ ಗುರುತು ಆಕೆಯ ಜೀವಂತ ದಂತವೈದ್ಯನದೆಂದು ಪತ್ತೆಯಾಯಿತು.

ಹುಡಿನಿ ತನ್ನ ಕೊನೆಯ ವರ್ಷಗಳನ್ನು ಈ ಕಾರ್ಯಕ್ಕೇ ಮೀಸಲಿಟ್ಟನು. 1924ರಲ್ಲಿ ಪ್ರೇತವಾದ ಕುರಿತ ತನ್ನ ಗ್ರಂಥ ಪ್ರಕಟಿಸಿದನು. ಊರಿಗೆ ತಾನು ಹೋಗುವ ಮುನ್ನವೇ ರೋಸ್ ಮ್ಯಾಕೆನ್‌ಬರ್ಗ್ ಮೊದಲಾದ ಸಹಾಯಕರನ್ನು ವೇಷ ಮರೆಸಿ ಕಳುಹಿಸಿ ಮಾಹಿತಿ ತರಿಸುತ್ತಿದ್ದನು. ಬಳಿಕ ರಂಗದ ಮೇಲೆ ಕತ್ತಲ ಕೋಣೆಯ ಚಮತ್ಕಾರಗಳನ್ನು ಬೆಳಕಿನಲ್ಲಿ ಮಾಡಿ ತೋರಿಸಿ, ನಿಜವಾದ ಶಕ್ತಿ ತೋರುವವರಿಗೆ 10,000 ಡಾಲರ್‌ಗಳ ಪಂಥ ಒಡ್ಡುತ್ತಿದ್ದನು. 1926ರಲ್ಲಿ ವಾಷಿಂಗ್ಟನ್ ನಗರದಲ್ಲಿ ಹಣಕ್ಕಾಗಿ ಭವಿಷ್ಯ ಹೇಳುವುದನ್ನು ನಿಷೇಧಿಸುವ ಮಸೂದೆಯ ಪರವಾಗಿ ಅಮೆರಿಕದ ಸಂಸತ್ತಿನ ಸಮಿತಿಯೆದುರು ಸಾಕ್ಷ್ಯ ನುಡಿದನು, ಮಸೂದೆ ಅಂಗೀಕಾರವಾಗಲಿಲ್ಲ. ಅದೇ ವರ್ಷ ರಹಮಾನ್ ಬೇ ಎಂಬ ಫಕೀರನು ಸಮಾಧಿಸ್ಥಿತಿಯ ಬಲದಿಂದ ಮುಚ್ಚಿದ ಪೆಟ್ಟಿಗೆಯಲ್ಲಿ ನೀರೊಳಗೆ ಒಂದು ಗಂಟೆ ಉಳಿದು ಬೆರಗು ಹುಟ್ಟಿಸಿದ್ದನು. ಆಗಸ್ಟ್ 5ರಂದು ನ್ಯೂಯಾರ್ಕಿನ ಹೋಟೆಲೊಂದರ ಈಜುಕೊಳದಲ್ಲಿ, ಐವತ್ತೆರಡು ವರ್ಷದ ಹುಡಿನಿ ಅಂತಹುದೇ ಪೆಟ್ಟಿಗೆಯಲ್ಲಿ 91 ನಿಮಿಷ ಉಳಿದು ಹೊರಬಂದನು. ಗಾಬರಿಪಡದೆ ಸಣ್ಣಗೆ ಉಸಿರಾಡಿದರೆ ಇರುವ ಗಾಳಿಯೇ ಬಹುಹೊತ್ತು ಸಾಕಾಗುತ್ತದೆಂಬುದು ಆತನ ವಿವರಣೆ. ಭೂಸಮಾಧಿಯ ಪ್ರದರ್ಶನಗಳಿಗೆ ಕೈಮುಗಿದು ಅಭ್ಯಾಸವಿರುವ ನಮಗೆ ಈ ಪ್ರಯೋಗ ವಿಶೇಷವಾಗಿ ಮನನೀಯ.

1926ರ ಅಕ್ಟೋಬರ್ 22ರಂದು ಮಾಂಟ್ರಿಯಲ್‌ನಲ್ಲಿ ವಿದ್ಯಾರ್ಥಿಯೊಬ್ಬನು ಆತನ ಹೊಟ್ಟೆಗೆ ಗುದ್ದಿದನು. ತೀವ್ರ ಜ್ವರವಿದ್ದರೂ ಡೆಟ್ರಾಯಿಟ್‌ನಲ್ಲಿ ಪ್ರದರ್ಶನ ಕೊಟ್ಟ ಹುಡಿನಿ, ಅಪೆಂಡಿಕ್ಸ್ ಒಡೆದು ನಂಜೇರಿ ಅಕ್ಟೋಬರ್ 31ರಂದು ಅಸುನೀಗಿದನು. ತನ್ನ ಸಾವನ್ನೂ ಆತನು ಪರೀಕ್ಷೆಯ ವಸ್ತುವಾಗಿಸಿ ಹೋಗಿದ್ದನು. ಸತ್ತ ಮೇಲೆ ಮರಳಿ ಬರಲು ಸಾಧ್ಯವಾದರೆ ಹೇಳಬೇಕಾದ ಗುಪ್ತಸಂಕೇತವೊಂದನ್ನು ಪತ್ನಿಯೊಡನೆ ನಿಶ್ಚಯಿಸಿಕೊಂಡಿದ್ದನು. 1929ರಲ್ಲಿ ಆರ್ಥರ್ ಫೋರ್ಡ್ ಎಂಬ ಪ್ರೇತಾವಾಹಕನು ಆ ಸಂಕೇತವನ್ನು ನುಡಿದನೆಂದು ಭಾರಿ ಸುದ್ದಿಯಾಯಿತು. ಆದರೆ ಸಂಕೇತದ ಕೀಲಿ 1928ರಲ್ಲೇ ಪ್ರಕಟವಾದ ಜೀವನಚರಿತ್ರೆಯಲ್ಲಿ ಅಚ್ಚಾಗಿತ್ತು. ಆರಂಭದಲ್ಲಿ ಒಪ್ಪಿಗೆಯ ಸಹಿ ಹಾಕಿದ್ದ ಬೆಸ್ ಅನಂತರ ಅದನ್ನು ಅಲ್ಲಗಳೆದಳು. 1936ರ ಅಕ್ಟೋಬರ್ 31ರಂದು, ಗಂಡನ ಹತ್ತನೆಯ ಪುಣ್ಯತಿಥಿಯ ರಾತ್ರಿ, ಹಾಲಿವುಡ್ಡಿನ ಹೋಟೆಲೊಂದರ ಮಾಳಿಗೆಯ ಮೇಲೆ ಆಕೆ ಕೊನೆಯ ಗೋಷ್ಠಿ ನಡೆಸಿದಳು. ಯಾರೂ ಬರಲಿಲ್ಲ. ಹತ್ತು ವರ್ಷ ಆತನ ಚಿತ್ರದ ಬಳಿ ಉರಿಯುತ್ತಿದ್ದ ದೀಪವನ್ನು ಆಕೆ ಆರಿಸಿದಳು.

ಹುಡಿನಿಯ ಮಾರ್ಗ ದೂರದರ್ಶನದ ಯುಗಕ್ಕೂ ಮುಂದುವರಿಯಿತು. 1973ರ ಆಗಸ್ಟ್ 1ರಂದು ಅಮೆರಿಕದ ಜಾನಿ ಕಾರ್ಸನ್ ಕಾರ್ಯಕ್ರಮಕ್ಕೆ, ಮನೋಬಲದಿಂದ ಲೋಹ ಬಾಗಿಸುವೆನೆಂಬ ಯೂರಿ ಗೆಲ್ಲರ್ ಬಂದನು. ಸ್ವತಃ ಇಂದ್ರಜಾಲ ಬಲ್ಲ ಕಾರ್ಸನ್, ಐಂದ್ರಜಾಲಿಕ ಜೇಮ್ಸ್ ರ್‍ಯಾಂಡಿಯ ಸಲಹೆ ಪಡೆದು, ಸಾಮಗ್ರಿಗಳನ್ನು ತಾನೇ ಒದಗಿಸಿ, ಅತಿಥಿಯ ಕಡೆಯವರು ಮುಟ್ಟದಂತೆ ನೋಡಿಕೊಂಡಿದ್ದನು. ಇಪ್ಪತ್ತು ನಿಮಿಷ ಕಳೆದರೂ ಏನೂ ಘಟಿಸಲಿಲ್ಲ. ಆದರೂ ಗೆಲ್ಲರ್‌ನ ಖ್ಯಾತಿ ಕುಗ್ಗಲಿಲ್ಲ. ಶಕ್ತಿ ನಿಜವಾದುದರಿಂದಲೇ ಒಮ್ಮೊಮ್ಮೆ ಕೈಕೊಡುತ್ತದೆಂದು ನಂಬುವವರು ನಂಬಿದರು. ಕನ್ನಡ ನಾಡಿನಲ್ಲಿಯೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ನಾಡಿನಾದ್ಯಂತ ವಾದ, ವಿವಾದಗಳೆದ್ದವು. ಪ್ರಶ್ನೆ ಕೇಳುವುದನ್ನೇ ಅಪಚಾರವೆಂದು ಬಗೆಯುವ ಮನೋಧರ್ಮಕ್ಕೆ ದೇಶಕಾಲಗಳ ಗಡಿಯಿಲ್ಲ.

ಹುಡಿನಿ ದೋಷಮುಕ್ತನಾದ ಋಷಿಯಲ್ಲ; ಕೀರ್ತಿಕಾಮಿ, ಜಗಳಗಂಟ, ಪ್ರದರ್ಶನಪ್ರಿಯ. ಆದರೂ ಆತನು ಒಡ್ಡಿದ ಪ್ರಶ್ನೆಗಳು ಇಂದಿಗೂ ಬಳಕೆಗೆ ಯೋಗ್ಯವಾಗಿವೆ. ದೀಪ ಯಾರ ಕೈಯಲ್ಲಿದೆ? ಸಾಮಗ್ರಿ ತಂದವರು ಯಾರು? ಈ ಸಂಗತಿ ಬೇರೆ ದಾರಿಯಿಂದ ತಿಳಿಯಲು ಸಾಧ್ಯವಿತ್ತೇ? ದೂರದರ್ಶನದ ಪ್ರೇಕ್ಷಕನು ಇವುಗಳಿಗೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು: ನಮಗೆ ತೋರಿಸದೆ ಕತ್ತರಿಸಿದ ಭಾಗದಲ್ಲಿ ಏನಿತ್ತು? ತಾಯಿಯ ದನಿಗಾಗಿ ಹಂಬಲಿಸಿದ ಮಗನೊಬ್ಬನು ತನಗೆ ಅತ್ಯಂತ ಪ್ರಿಯವಾಗಬಹುದಾಗಿದ್ದ ಪತ್ರವನ್ನೇ ಇಂತಹ ಪ್ರಶ್ನೆಗಳಿಗೆ ಒಡ್ಡಿದನು. ಬೇರೆಯವರ ನಂಬಿಕೆಯನ್ನು ಶಂಕಿಸುವುದು ಸುಲಭ. ತನ್ನ ಆಸೆಯನ್ನು ಶಂಕಿಸುವುದು ಕಷ್ಟ. ಈ ಕಷ್ಟದ ಕೆಲಸವನ್ನು ಮಾಡಿದುದರಿಂದಲೇ ಹುಡಿನಿಯ ಹೆಸರು ಇಂದ್ರಜಾಲದ ಇತಿಹಾಸದಲ್ಲಿರುವಂತೆ ವೈಚಾರಿಕತೆಯ ಇತಿಹಾಸದಲ್ಲಿಯೂ ಉಳಿದಿದೆ.