ದಪ್ಪ ಗೆರೆಯ ಹಚ್ಚೆಗಾರ ಸೇಲರ್ ಜೆರಿ

ಜೀವನಚರಿತ್ರೆ ಬರೆಯಬೇಕೆಂದು ಕುಳಿತ ವಿದ್ಯಾರ್ಥಿಗೆ ಮೊದಲು ನೆನಪಾಗುವವರು ದೇಶಭಕ್ತರು, ಕವಿಗಳು, ವಿಜ್ಞಾನಿಗಳು. ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಅಂಥ ಮಹನೀಯರಿಗೆ ಎಂದೂ ಕೊರತೆಯಾದುದಿಲ್ಲ. ಅವರನ್ನು ಕುರಿತು ಬರೆಯಲು ನನಗಿಂತ ಸಮರ್ಥರಾದ ಗೆಳೆಯರೂ ಇದ್ದಾರೆ. ನಾನು ಆರಿಸಿಕೊಂಡಿರುವಾತನು ಹಚ್ಚೆ ಹಾಕಿ ಹೊಟ್ಟೆ ಹೊರೆದವನು. ಹವಾಯಿ ದ್ವೀಪಗಳ ಹೊನೊಲುಲು ಪಟ್ಟಣದಲ್ಲಿ, ಹೆಂಡದಂಗಡಿಗಳ ನಡುವಣ ಒಂದು ಸಣ್ಣ ಅಂಗಡಿಯಲ್ಲಿ, ಹಡಗಿನಿಂದಿಳಿದು ಬಂದ ನಾವಿಕರ ತೋಳಿನ ಮೇಲೆ ಲಂಗರನ್ನೂ ಹದ್ದನ್ನೂ ಬರೆದು ಕಳುಹಿಸಿದವನು. ಆತನ ಹೆಸರು ನಾರ್ಮನ್ ಕೀತ್ ಕಾಲಿನ್ಸ್. ಲೋಕವು ಬಲ್ಲ ಹೆಸರು ಸೇಲರ್ ಜೆರಿ, ಎಂದರೆ ನಾವಿಕ ಜೆರಿ.

ಇಂಥವನ ಚರಿತ್ರೆಯಿಂದ ಪದವೀಧರನಾಗಲಿರುವವನಿಗೆ ಏನು ಪ್ರಯೋಜನ ಎಂದು ಕೇಳುವವರು ಇರಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಹಿರಿಯರೆಲ್ಲ ಕೈಕೆಲಸದವರು. ಕೈಕೆಲಸದಲ್ಲಿ ಎಷ್ಟು ವಿಚಾರವಿರುತ್ತದೆ ಎಂಬುದನ್ನು ನಾನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಆದರೂ ಸೇಲರ್ ಜೆರಿಯ ವಿಷಯವನ್ನು ಓದಿದಾಗ ಒಂದು ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಕಾಗದವಾದರೆ ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು. ಕಲ್ಲಾದರೆ ತಾನೇ ನಿಲ್ಲುತ್ತದೆ. ಬೆವರುವ, ಸುಕ್ಕುಗಟ್ಟುವ, ಮುಪ್ಪಾಗುವ ಚರ್ಮದ ಮೇಲೆ ಬರೆಯುವವನು ತನ್ನ ಚಿತ್ರ ನಲವತ್ತು ವರ್ಷ ನಿಲ್ಲಬೇಕಾದರೆ ಏನು ಮಾಡಬೇಕು?

ಕಾಲಿನ್ಸ್ ಹುಟ್ಟಿದುದು 1911ರ ಜನವರಿ 14ರಂದು, ಅಮೆರಿಕದ ನೆವಾಡಾ ಪ್ರಾಂತದ ರೀನೋ ಪಟ್ಟಣದಲ್ಲಿ. ಬೆಳೆದುದು ಉತ್ತರ ಕ್ಯಾಲಿಫೋರ್ನಿಯಾದಲ್ಲಿ. ಮನೆಯಲ್ಲಿದ್ದ ಒಂದು ಹಟಮಾರಿ ಹೇಸರಗತ್ತೆಯ ಹೆಸರು ಜೆರಿ ಎಂದೂ, ಮಗನ ಸ್ವಭಾವವೂ ಅದರಂತೆಯೇ ಇದ್ದುದರಿಂದ ತಂದೆಯು ಅದೇ ಹೆಸರನ್ನು ಅವನಿಗೂ ಇಟ್ಟನೆಂದೂ ಹೇಳುತ್ತಾರೆ. ಮುಂದಿನ ಜೀವನವನ್ನು ನೋಡಿದರೆ ತಂದೆಯ ಅಂದಾಜು ತಪ್ಪಿರಲಿಲ್ಲ. ಹದಿಹರೆಯದಲ್ಲಿಯೇ ಆತನು ಮನೆ ಬಿಟ್ಟು ಸರಕಿನ ರೈಲುಗಳನ್ನು ಹತ್ತಿ ದೇಶ ಸುತ್ತಿದನು. ಈ ಅಲೆದಾಟದಲ್ಲಿ ಅಲಾಸ್ಕಾದ ಪಾಮರ್ ಊರಿನ ಬಿಗ್ ಮೈಕ್ ಎಂಬವನು ಕೈಯಿಂದ ಸೂಜಿ ಚುಚ್ಚಿ ಹಚ್ಚೆ ಹಾಕುವುದನ್ನು ಅವನಿಗೆ ಕಲಿಸಿದನು. 1920ರ ದಶಕದ ಕೊನೆಗೆ ಶಿಕಾಗೋ ಸೇರಿದಾಗ ಟ್ಯಾಟ್ಸ್ ಥಾಮಸ್ ಎಂಬ ಹಚ್ಚೆಗಾರನು ಯಂತ್ರವನ್ನು ಹಿಡಿಯಲು ಕಲಿಸಿದನು.

ಈ ಯಂತ್ರವು ಆಗ ತೀರ ಹೊಸದೇನೂ ಅಲ್ಲ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಎಂಬಾತನು 1891ರಲ್ಲಿಯೇ ವಿದ್ಯುತ್ತಿನಿಂದ ನಡೆಯುವ ಹಚ್ಚೆಯಂತ್ರಕ್ಕೆ ಪೇಟೆಂಟ್ ಪಡೆದಿದ್ದನು. ಎಡಿಸನ್ನನು ಕಾಗದದಲ್ಲಿ ತೂತು ಕೊರೆದು ಪ್ರತಿ ತೆಗೆಯಲೆಂದು ಮಾಡಿದ್ದ ವಿದ್ಯುತ್ ಲೇಖನಿಯೇ ಅದಕ್ಕೆ ಮೂಲ. ಕಚೇರಿಯ ಗುಮಾಸ್ತನಿಗಾಗಿ ಹುಟ್ಟಿದ ಉಪಕರಣವು ನಾವಿಕನ ತೋಳಿಗೆ ಬಂದುದು ವಿನೋದವಲ್ಲವೆ! ಶಿಕಾಗೋದಲ್ಲಿ ಕಾಲಿನ್ಸನು ಅಭ್ಯಾಸ ಮಾಡಿದುದು ಬೀದಿಯಲ್ಲಿ ಬಿದ್ದಿರುತ್ತಿದ್ದ ಕುಡುಕರ ಮೈಮೇಲೆ. ಅಗ್ಗದ ಹೆಂಡವೋ ನಾಲ್ಕು ಕಾಸೋ ಸಿಕ್ಕಿದರೆ ಅವರು ತೋಳು ಒಡ್ಡುತ್ತಿದ್ದರು. ಇದನ್ನು ಮೆಚ್ಚಲು ನನಗೆ ಮನಸ್ಸು ಬಾರದು. ಗುರುಕುಲವೆಂದರೆ ಅವನಿಗೆ ಅದೇ ಆಗಿತ್ತು ಎಂದಷ್ಟೇ ಹೇಳಬೇಕು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆತನು ನೌಕಾಪಡೆಯನ್ನು ಸೇರಿದನು. ಹಡಗು ಅವನನ್ನು ಪೆಸಿಫಿಕ್ ಸಾಗರದ ಆಚೆಗೂ ಏಷ್ಯದ ಬಂದರುಗಳಿಗೂ ಕರೆದೊಯ್ದಿತು. ಹಡಗಿನ ಮೇಲಿನ ಪ್ರೀತಿ ಅವನಿಗೆ ಸಾಯುವವರೆಗೆ ಬಿಡಲಿಲ್ಲ. 1930ರ ದಶಕದಲ್ಲಿ ಹೊನೊಲುಲುವಿನಲ್ಲಿ ನೆಲಸಿದನು. ಅಲ್ಲಿನ ಚೀನೀಯರ ಪೇಟೆಯ ಹೋಟೆಲ್ ಬೀದಿಯು ರಜೆಯ ಮೇಲೆ ಬಂದ ನಾವಿಕರ ತಾಣ. 1941ರ ಡಿಸೆಂಬರ್ 7ರಂದು ಜಪಾನೀಯರು ಸಮೀಪದ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿದ ಮೇಲೆ ಆ ಬೀದಿಗೆ ಬಿಡುವೇ ಇಲ್ಲದಂತಾಯಿತು. ಯುದ್ಧಕ್ಕೆ ಹೊರಟ ಹುಡುಗರು ಹೆಂಡಕ್ಕೂ ಹೆಣ್ಣಿಗೂ ಹಚ್ಚೆಗೂ ಸಾಲುಗಟ್ಟಿ ನಿಲ್ಲುತ್ತಿದ್ದರು. ಅವರಲ್ಲಿ ಅನೇಕರಿಗೆ ನಮ್ಮ ವಯಸ್ಸು. ಮರಳಿ ಬರುವೆವೋ ಇಲ್ಲವೋ ಎಂಬುದು ಅವರಿಗೇ ತಿಳಿಯದು.

ಅವರು ಬರೆಸಿಕೊಳ್ಳುತ್ತಿದ್ದ ಚಿತ್ರಗಳಿಗೆ ಒಂದೊಂದು ಅರ್ಥವಿತ್ತು. ಐದು ಸಾವಿರ ಸಾಗರಮೈಲಿ ಪಯಣಿಸಿದವನಿಗೆ ಕವಲುಬಾಲದ ಅಂಬರಗುಬ್ಬಿ. ಸಾಗರವನ್ನು ದಾಟಿದವನಿಗೆ ಲಂಗರು. ಪಾದಗಳ ಮೇಲೆ ಒಂದು ಕಡೆ ಹಂದಿ, ಇನ್ನೊಂದು ಕಡೆ ಹುಂಜ. ಹಡಗು ಮುಳುಗಿದಾಗ ಹಂದಿ ಕೋಳಿಗಳಿದ್ದ ಮರದ ಗೂಡುಗಳು ತೇಲುತ್ತಿದ್ದುವಂತೆ, ಆದುದರಿಂದ ಅವುಗಳ ಚಿತ್ರವಿದ್ದವನು ಮುಳುಗಲಾರನೆಂಬ ನಂಬಿಕೆ. ಇವುಗಳೊಡನೆ ಕಠಾರಿ, ಹಾವು, ಹಾಯಿಹಡಗು, ಹವಾಯಿಯ ನರ್ತಕಿ, ತಾಯಿಯ ಹೆಸರು ಬರೆದ ಪಟ್ಟಿ. ಗಿರಾಕಿಯು ಗೋಡೆಯಲ್ಲಿ ತೂಗುಹಾಕಿದ ಮಾದರಿ ಹಾಳೆಯಿಂದ ಒಂದನ್ನು ತೋರಿಸಬೇಕು. ಆ ಹಾಳೆಗಳನ್ನು ಕಸುಬಿನವರು ಫ್ಲಾಷ್ ಎನ್ನುತ್ತಾರೆ. ಚಿತ್ರದ ಹೊರಗೆರೆಯನ್ನು ಸೆಲ್ಯುಲಾಯ್ಡ್ ತಗಡಿನಲ್ಲಿ ಕೊರೆದಿಟ್ಟಿರುತ್ತಿದ್ದರು. ಗೀರುಗಳಿಗೆ ಇದ್ದಿಲಪುಡಿಯನ್ನು ತಿಕ್ಕಿ, ವ್ಯಾಸಲೀನ್ ಸವರಿದ ಚರ್ಮಕ್ಕೆ ಒತ್ತಿದರೆ ಗೆರೆ ಮೂಡುತ್ತಿತ್ತು. ಅದರ ಮೇಲೆ ಯಂತ್ರ ಓಡಬೇಕು.

ಇಲ್ಲಿಯೇ ನನ್ನ ಪ್ರಶ್ನೆಗೆ ಉತ್ತರವಿದೆ. ಈ ಚಿತ್ರಗಳನ್ನು ಒಮ್ಮೆ ನೋಡಿದವರು ಮರೆಯಲಾರರು. ಹೊರಗೆರೆ ಕಪ್ಪಾಗಿ ದಪ್ಪವಾಗಿರುತ್ತದೆ. ಒಳಗೆ ಧಾರಾಳವಾಗಿ ಕರಿಯ ನೆರಳು. ಕೆಂಪು, ಹಸುರು, ಹಳದಿ ಎಂಬ ಕೆಲವೇ ಬಣ್ಣಗಳು. ಉಳಿದ ಕಡೆ ಬರಿಯ ಚರ್ಮ. ಮೊದಲ ನೋಟಕ್ಕೆ ಇದು ಒರಟು ಕೆಲಸವೆಂದು ಅನ್ನಿಸುವುದು ಸಹಜ. ಇದರ ಕಾರಣ ತಿಳಿಯಬೇಕಾದರೆ ಚರ್ಮದೊಳಗೆ ನಡೆಯುವುದನ್ನು ನೋಡಬೇಕು.

ಹೊರಚರ್ಮವು ಸುಮಾರು ತಿಂಗಳಿಗೊಮ್ಮೆ ಉದುರಿ ಹೊಸದಾಗುತ್ತದೆ. ಆದುದರಿಂದ ಮಸಿಯು ಅದನ್ನು ದಾಟಿ ಒಳಚರ್ಮವನ್ನು, ಎಂದರೆ ಸುಮಾರು ಒಂದರಿಂದ ಎರಡು ಮಿಲಿಮೀಟರ್ ಆಳವನ್ನು, ಸೇರಬೇಕು. ಮೇಲೆಯೇ ನಿಂತರೆ ಮಾಸಿಹೋಗುತ್ತದೆ. ತೀರ ಆಳಕ್ಕೆ ಇಳಿದರೆ ಒರಟು ಕಾಗದದ ಮೇಲೆ ಬಿದ್ದ ಮಸಿಯಂತೆ ಅಂಚು ಒಡೆದು ಹರಡುತ್ತದೆ. ಒಳಗೆ ಹೋದ ಬಣ್ಣದ ಕಣಗಳನ್ನು ಶರೀರವು ಶತ್ರುವೆಂದೇ ತಿಳಿದು, ಅವುಗಳನ್ನು ನುಂಗಲು ಭಕ್ಷಕ ಜೀವಕೋಶಗಳನ್ನು ಕಳುಹಿಸುತ್ತದೆ. ಅವು ನುಂಗುತ್ತವೆ, ಆದರೆ ಅರಗಿಸಲಾರವು. ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ ಒಂದು ಸೋಜಿಗವನ್ನು ತೋರಿಸಿದರು. ಬಣ್ಣ ನುಂಗಿದ ಕೋಶವು ಸತ್ತಾಗ ಕಣಗಳು ಹೊರಬೀಳುತ್ತವೆ. ಪಕ್ಕದಲ್ಲಿ ಬಂದು ಸೇರಿದ ಹೊಸ ಕೋಶವು ಅವನ್ನೇ ಮತ್ತೆ ನುಂಗುತ್ತದೆ. ಹಚ್ಚೆಯು ಶಾಶ್ವತವೆಂದು ನಾವು ಹೇಳುವುದು ಹೀಗೆ ಕೈಯಿಂದ ಕೈಗೆ ಸಾಗುವ ಒಂದು ಆಸ್ತಿಯನ್ನು. ಸಾಗುವಾಗ ಒಂದಷ್ಟು ಅತ್ತಿತ್ತ ಸರಿಯುತ್ತದೆ. ಒಂದಷ್ಟು ದುಗ್ಧಗ್ರಂಥಿಗಳಿಗೆ ಹೋಗಿ ಸೇರುತ್ತದೆ. ವರ್ಷಗಳು ಕಳೆದಂತೆ ಪ್ರತಿಯೊಂದು ಗೆರೆಯೂ ಅಗಲವಾಗುತ್ತದೆ, ಮಂಕಾಗುತ್ತದೆ.

ಎಳೆ ಕೂದಲಿನಂಥ ಗೆರೆಗಳನ್ನು ಒತ್ತೊತ್ತಾಗಿ ಎಳೆದಿದ್ದರೆ ಅವು ಹಿಗ್ಗಿ ಒಂದನ್ನೊಂದು ಮುಟ್ಟಿ ಕಲೆಯಾಗಿಬಿಡುತ್ತವೆ. ದಪ್ಪ ಗೆರೆಯೂ ಹಿಗ್ಗುತ್ತದೆ; ಆದರೆ ಸುತ್ತ ಜಾಗ ಬಿಟ್ಟಿರುವುದರಿಂದ ಅದು ಇನ್ನೂ ಗೆರೆಯಾಗಿಯೇ ಕಾಣುತ್ತದೆ. ಕರಿಯ ಬಣ್ಣವೆಂದರೆ ಇಂಗಾಲ, ಬಿಸಿಲಿಗೆ ಸುಲಭವಾಗಿ ಜಗ್ಗದು. ಹಳದಿ ಕೆಂಪುಗಳು ಮಾಸಿದರೂ ಕರಿಯ ಚೌಕಟ್ಟು ಇರುವವರೆಗೆ ಹದ್ದು ಹದ್ದೇ, ಹಡಗು ಹಡಗೇ. ಬಿಟ್ಟ ಜಾಗವು ಚಿತ್ರಕಾರನ ಸೋಮಾರಿತನವಲ್ಲವೆಂದು ನನಗೆ ತಿಳಿದದ್ದು ಆಗ. ಅದು ಮುಂದಿನ ನಲವತ್ತು ವರ್ಷಗಳಿಗೆಂದು ಗೆರೆಗೆ ಕೊಟ್ಟ ಸ್ಥಳ.

ನನ್ನ ಅಜ್ಜಿಯ ಮುಂಗೈಯಲ್ಲಿ ಒಬ್ಬ ಕೊರವಂಜಿ ಹಾಕಿದ ಹಚ್ಚೆಯಿದೆ. ಅದರಲ್ಲಿನ ಸಣ್ಣ ಚುಕ್ಕೆಗಳೆಲ್ಲ ಕೂಡಿ ಹಸುರು ಮಬ್ಬಾಗಿವೆ. ನಡುವಣ ದಪ್ಪ ಗೆರೆಯ ರಂಗೋಲಿ ಮಾತ್ರ ಇಂದಿಗೂ ಓದುವಂತಿದೆ. ಹೊನೊಲುಲುವಿಗೂ ನಮ್ಮ ಹಳ್ಳಿಗೂ ಯಾವ ಸಂಬಂಧವೂ ಇಲ್ಲ. ಆದರೆ ಚರ್ಮದ ನ್ಯಾಯ ಎರಡೂ ಕಡೆ ಒಂದೇ.

ದಪ್ಪ ಗೆರೆಯನ್ನು ಕಾಲಿನ್ಸನೇ ಕಂಡುಹಿಡಿದನೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಅದು ಬಂದರುಗಳ ಹಚ್ಚೆಗಾರರ ಸಾಮಾನ್ಯ ಸೊತ್ತು. ವರ್ಜೀನಿಯಾದ ನಾರ್‌ಫೋಕ್ ಬಂದರಿನ ಕ್ಯಾಪ್ ಕೋಲ್ಮನ್ ಅದರಲ್ಲಿ ಹಿರಿಯನು; ಆತನ ಮಾದರಿ ಹಾಳೆಗಳನ್ನು ಸಮೀಪದ ನ್ಯೂಪೋರ್ಟ್ ನ್ಯೂಸ್ ಪಟ್ಟಣದ ನಾವಿಕ ವಸ್ತುಸಂಗ್ರಹಾಲಯವು 1936ರಷ್ಟು ಹಿಂದೆಯೇ ಕೊಂಡು ಇರಿಸಿಕೊಂಡಿತು. ಕಾಲಿನ್ಸನ ಹೆಚ್ಚುಗಾರಿಕೆಯಿರುವುದು ಶುದ್ಧತೆಯಲ್ಲಿ. ಚರ್ಮವನ್ನು ಕಡಮೆ ನೋಯಿಸಿ ಬಣ್ಣವನ್ನು ಸರಿಯಾಗಿ ಕೂರಿಸುವಂತೆ ಸೂಜಿಗಳನ್ನು ಜೋಡಿಸಿದನು. ಗಾಯ ದೊಡ್ಡದಾದಷ್ಟೂ ಹೊಪ್ಪಳೆ ದಪ್ಪವಾಗಿ, ಅದು ಕೀಳುವಾಗ ಬಣ್ಣವನ್ನೂ ಕಿತ್ತುಕೊಂಡು ಹೋಗುತ್ತದಷ್ಟೆ. ಒಬ್ಬನಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬನಿಗೆ ಬಳಸದೆ, ಉಪಕರಣಗಳನ್ನು ಆಸ್ಪತ್ರೆಯಲ್ಲಿರುವಂತೆ ಆಟೋಕ್ಲೇವಿನ ಆವಿಯಲ್ಲಿ ಶುದ್ಧಮಾಡಿದ ಮೊದಲಿಗರಲ್ಲಿ ಆತನೊಬ್ಬನು. 1961ರಲ್ಲಿ ನ್ಯೂಯಾರ್ಕ್ ನಗರವು ಕಾಮಾಲೆಯ ಭಯದಿಂದ ಹಚ್ಚೆಯನ್ನೇ ನಿಷೇಧಿಸಿತು. ಆ ನಿಷೇಧ ತೆಗೆದುದು 1997ರಲ್ಲಿ. ಇದನ್ನು ನೆನೆದರೆ ಆತನ ಎಚ್ಚರಿಕೆಯ ಬೆಲೆ ತಿಳಿಯುತ್ತದೆ. ಕಸುಬಿನಲ್ಲಿ ಆಗ ಇದ್ದುದು ಬೆರಳೆಣಿಕೆಯ ಬಣ್ಣಗಳು. ಅಪಾಯವಿಲ್ಲದ ಹೊಸ ಬಣ್ಣಗಳಿಗಾಗಿ ಆತನು ಬಹಳ ಶ್ರಮಪಟ್ಟನು. ಅವನಿಗೆ ಹೆಸರು ತಂದುದು ನೇರಳೆ.

1950ರ ದಶಕದಲ್ಲಿ ತೆರಿಗೆ ಇಲಾಖೆಯೊಡನೆ ಜಗಳವಾಗಿ ಕೆಲವು ವರ್ಷ ಆತನು ಅಂಗಡಿ ಮುಚ್ಚಿದನು. ಮೂರು ಕಂಬದ ಹಾಯಿಹಡಗನ್ನು ನಡೆಸಿ ಪ್ರವಾಸಿಗರಿಗೆ ದ್ವೀಪಗಳನ್ನು ತೋರಿಸಿದನು, ಸ್ಯಾಕ್ಸೋಫೋನ್ ನುಡಿಸಿದನು, ಬೇರೆ ಹೆಸರಿನಲ್ಲಿ ರೇಡಿಯೋದಲ್ಲಿ ಮಾತನಾಡಿದನು. ಆ ಮಾತುಗಳೆಲ್ಲ ಕಟುವಾದ ರಾಜಕೀಯ. ಹೊಸ ಪೀಳಿಗೆಯ ಉದ್ದಗೂದಲಿನ ಹುಡುಗರನ್ನು ಕಂಡರೆ ಅವನಿಗಾಗದು. ಅನ್ಯ ಜನಾಂಗಗಳ ವಿಷಯದಲ್ಲಿಯೂ ಅವನ ಮನಸ್ಸು ಸಂಕುಚಿತವಾಗಿತ್ತು. ಚರಿತ್ರೆ ಬರೆಯುವವನು ಇದನ್ನು ಮುಚ್ಚಿಡಬಾರದು.

ಆ ಕಾರಣದಿಂದಲೇ ಮುಂದಿನ ಸಂಗತಿಯು ಆಶ್ಚರ್ಯವನ್ನು ಹುಟ್ಟಿಸುತ್ತದೆ. ಸ್ಮಿತ್ ಬೀದಿಯ 1033ನೆಯ ಸಂಖ್ಯೆಯಲ್ಲಿ ಮತ್ತೆ ಅಂಗಡಿ ತೆರೆದ ಮೇಲೆ ಆತನು ಗುರುವೆಂದು ಯಾರ ಕಡೆ ನೋಡಿದನು? ಪರ್ಲ್ ಹಾರ್ಬರನ್ನು ಎಂದೂ ಕ್ಷಮಿಸದಿದ್ದವನು ಜಪಾನಿನ ಹಚ್ಚೆಗಾರರಿಗೆ ಕಾಗದ ಬರೆದನು. ಆ ದೇಶದಲ್ಲಿ 1872ರಿಂದ 1948ರವರೆಗೆ ಹಚ್ಚೆಗೆ ನಿಷೇಧವಿತ್ತು. ಕಲೆಯು ಮರೆಯಲ್ಲಿ ಬದುಕಿತ್ತು. ಇಡೀ ಬೆನ್ನನ್ನೇ ಒಂದು ಪಟವನ್ನಾಗಿ ಮಾಡಿ, ಅಲೆ, ಗಾಳಿ, ಮೋಡಗಳ ಕರಿಯ ಹಿನ್ನೆಲೆಯಲ್ಲಿ ಡ್ರಾಗನ್ನನ್ನೋ ವೀರನನ್ನೋ ನಿಲ್ಲಿಸುವುದು ಅವರ ಕ್ರಮ. ಆ ಕಪ್ಪು ಇರುವುದರಿಂದಲೇ ಮುದುಕನ ಬೆನ್ನಿನಲ್ಲಿಯೂ ಚಿತ್ರ ಕೆಡುವುದಿಲ್ಲ. ಗೀಫುವಿನ ಹೋರಿಹಿದೆಯೊಡನೆ ಕಾಲಿನ್ಸನು ಅಂಚೆಯಲ್ಲಿ ಚಿತ್ರಗಳನ್ನೂ ಬಣ್ಣಗಳನ್ನೂ ವಿನಿಮಯ ಮಾಡಿಕೊಂಡನು. ಅವರ ಆಟದಲ್ಲಿಯೇ ಅವರನ್ನು ಸೋಲಿಸಬೇಕೆಂಬುದು ಅವನ ಹಟ. ಹಟಕ್ಕಾಗಿ ಕಲಿತರೂ ವಿದ್ಯೆ ವಿದ್ಯೆಯೇ. ಜಪಾನೀ ವಿನ್ಯಾಸವು ಅಮೆರಿಕದ ದಪ್ಪ ಗೆರೆಯೊಳಗೆ ಬಂದುದು ಬಹುಮಟ್ಟಿಗೆ ಅವನಿಂದ.

ಇಷ್ಟಾದರೂ ಹಚ್ಚೆಗಾರನ ಕೈ ಮುಗಿದ ಮೇಲೆ ಚಿತ್ರದ ಆಯುಸ್ಸು ಹೊತ್ತವನ ಕೈಯಲ್ಲಿ. ಹಸಿ ಹಚ್ಚೆಯನ್ನು ಶುಚಿಯಾಗಿಡಬೇಕು, ಹೊಪ್ಪಳೆಯನ್ನು ಕೆರೆಯಬಾರದು, ಮಾಯುವವರೆಗೆ ಬಿಸಿಲಿಗೂ ಉಪ್ಪುನೀರಿಗೂ ಒಡ್ಡಬಾರದು. ಮಾಯ್ದ ಮೇಲೂ ಬಿಸಿಲೇ ಮುಖ್ಯ ವೈರಿ. ಅದರ ನೇರಳಾತೀತ ಕಿರಣಗಳು ಬಣ್ಣದ ಕಣಗಳನ್ನು ಒಡೆಯುತ್ತವೆ. ಬಟ್ಟೆಯಿಂದ ಮುಚ್ಚುವುದು, ಇಲ್ಲವೆ ಸನ್‌ಸ್ಕ್ರೀನ್ ಲೇಪಿಸುವುದು, ಚರ್ಮ ಒಣಗದಂತೆ ನೋಡಿಕೊಳ್ಳುವುದು ಇದಕ್ಕಿರುವ ಉಪಾಯ. ಕೈಬೆರಳು ಪಾದಗಳಲ್ಲಿ ಸವೆತ ಹೆಚ್ಚು. ಪಾಪ, ಆ ಹಂದಿ ಹುಂಜಗಳು ಬೇಗ ಮಾಸುವ ಜಾಗದಲ್ಲಿಯೇ ಕುಳಿತಿದ್ದುವು. ಬರಿಮೈಯಲ್ಲಿ ಹಡಗಿನ ಅಟ್ಟದ ಮೇಲೆ ದುಡಿದ ನಾವಿಕನಿಗೆ ಈ ಉಪಚಾರಗಳು ಎಲ್ಲಿಂದ ಬರಬೇಕು? ಅವನನ್ನು ಬಲ್ಲವನೇ ಗೆರೆಯನ್ನು ದಪ್ಪ ಮಾಡಿದನು. ದಶಕಗಳು ಕಳೆದ ಮೇಲೆ ಹಳೆಯ ಗೆರೆಯ ಮೇಲೆಯೇ ಹೊಸ ಗೆರೆ ಎಳೆಸಿಕೊಳ್ಳುವುದೂ ಉಂಟು. ಮೊದಲ ಗೆರೆ ಸ್ಪಷ್ಟವಾಗಿದ್ದರೆ ಮಾತ್ರ ಅದು ಸಾಧ್ಯ.

ಕಾಲಿನ್ಸನ ಬಳಿಗೆ ಬಂದ ಕಿರಿಯರಲ್ಲಿ ಡಾನ್ ಎಡ್ ಹಾರ್ಡಿಯ ವಿಷಯ ನಮ್ಮಂಥವರಿಗೆ ಕುತೂಹಲಕರ. ಆತನು 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಲಾಶಾಲೆಯಿಂದ ಪದವಿ ಪಡೆದವನು. ಯೇಲ್ ವಿಶ್ವವಿದ್ಯಾನಿಲಯದ ಉನ್ನತ ವ್ಯಾಸಂಗಕ್ಕೆ ದೊರೆತ ಅವಕಾಶವನ್ನು ಬಿಟ್ಟು ಹಚ್ಚೆಯನ್ನು ಹಿಡಿದನು. ನಮ್ಮ ಮನೆಯಲ್ಲಿ ಹೀಗೆ ಮಾಡಿದ್ದರೆ ಏನಾಗುತ್ತಿತ್ತೆಂದು ನಾನು ಊಹಿಸಬಲ್ಲೆ. ಕಾಲಿನ್ಸನ ಪರಿಚಯದಿಂದಲೇ ಹಾರ್ಡಿಯು 1973ರಲ್ಲಿ ಜಪಾನಿಗೆ ಹೋಗಿ ಹೋರಿಹಿದೆಯ ಬಳಿ ಕೆಲಸ ಮಾಡಿದನು.

ಅದೇ ವರ್ಷದ ಜೂನ್ ತಿಂಗಳಲ್ಲಿ ಕಾಲಿನ್ಸನು ಮೋಟಾರ್ ಸೈಕಲ್ ಮೇಲೆ ಹೋಗುತ್ತಿದ್ದಾಗ ಹೃದಯಾಘಾತವಾಯಿತು. ಹಟಮಾರಿಯಲ್ಲವೆ, ಎದ್ದು ಅದೇ ವಾಹನದಲ್ಲಿ ಮನೆ ಸೇರಿದನು. ಮೂರು ದಿನಗಳ ಮೇಲೆ, 12ರಂದು, ತೀರಿಕೊಂಡನು. ಹೊನೊಲುಲುವಿನ ಪಂಚ್‌ಬೌಲ್ ಬೆಟ್ಟದ ಸೈನಿಕರ ಸ್ಮಶಾನದಲ್ಲಿ ಅವನನ್ನು ಹೂಳಿದರು.

ಅಂಗಡಿಯನ್ನೂ ಅದರಲ್ಲಿದ್ದ ಸಕಲವನ್ನೂ ತಾನು ಹೆಸರಿಸಿದ ಮೂವರಲ್ಲಿ ಒಬ್ಬರಿಗೆ ಮಾರಬೇಕು, ಅವರಾರೂ ಕೊಳ್ಳದಿದ್ದರೆ ಸುಟ್ಟುಬಿಡಬೇಕು ಎಂದು ಆತನು ಹೆಂಡತಿಗೆ ಹೇಳಿಟ್ಟಿದ್ದನು. ಮೈಗಳ ಮೇಲಿನ ಚಿತ್ರಗಳು ಮೈಗಳೊಡನೆ ಹೋಗತಕ್ಕವು. ಉಳಿಯಬಹುದಾದುದು ಆ ಹಾಳೆಗಳು ಮಾತ್ರ. ಅವೂ ಬೂದಿಯಾಗುವುದರಲ್ಲಿದ್ದುವು. ಮೂವರಲ್ಲಿ ಒಬ್ಬನಾದ ಮೈಕ್ ಮಲೋನ್ ಹೊನೊಲುಲುವಿಗೆ ಬಂದು ಎಲ್ಲವನ್ನೂ ಕೊಂಡನು. ಅಂಗಡಿಗೆ ಚೈನಾ ಸೀ ಎಂದು ಹೆಸರಿಟ್ಟು ಬಹುಕಾಲ ಅಲ್ಲಿಯೇ ಕೆಲಸ ಮಾಡಿದನು. ಹಾರ್ಡಿಯು 1982ರಲ್ಲಿ ತೊಡಗಿದ ಪ್ರಕಾಶನದಿಂದ ಆ ಹಾಳೆಗಳು ಪುಸ್ತಕಗಳಾಗಿ ಅಚ್ಚಾದುವು. ಲಂಗರು, ಹದ್ದು, ಅಂಬರಗುಬ್ಬಿಗಳನ್ನು ಅವುಗಳಿಂದ ನೋಡಿಕೊಂಡು, ಸುತ್ತ ಅಷ್ಟೇ ಜಾಗ ಬಿಟ್ಟು, ಇಂದಿನ ಹಚ್ಚೆಗಾರರು ಇಂದಿನ ಹುಡುಗರ ತೋಳಿನ ಮೇಲೆ ಎಳೆಯುತ್ತಿದ್ದಾರೆ.