ಜಾನ್ ಬಾನಮ್: ಮೂರನೆಯ ಕೈಯಾದ ಬಲಗಾಲು

ರಾಕ್ ಸಂಗೀತದಲ್ಲಿ ಹಾಡಿನ ಒಂದು ಸಾಲು ಮುಗಿದು ಮತ್ತೊಂದು ಆರಂಭವಾಗುವ ನಡುವಣ ತೆರಪನ್ನು ಡ್ರಮ್ ವಾದಕನು ತನ್ನ ಪೆಟ್ಟುಗಳಿಂದ ತುಂಬುತ್ತಾನೆ. ಇದಕ್ಕೆ ‘ಫಿಲ್’ ಎಂದು ಹೆಸರು. ಮೃದಂಗದ ಮುಕ್ತಾಯದಂತೆ ಇದೂ ಕೇಳುಗನನ್ನು ಮುಂದಿನ ಸಮಕ್ಕೆ ತಂದು ನಿಲ್ಲಿಸುತ್ತದೆ. ಕ್ಷಣಕಾಲದ ಈ ತುಣುಕಿನಿಂದಲೇ ಗುರುತಿಸಬಲ್ಲ ವಾದಕರು ವಿರಳ. ಲೆಡ್ ಝೆಪೆಲಿನ್ ತಂಡದ ಜಾನ್ ಬಾನಮ್ ಅಂಥವರಲ್ಲೊಬ್ಬರು.

ಬಾನಮ್ ಹುಟ್ಟಿದ್ದು 1948ರ ಮೇ 31ರಂದು, ಇಂಗ್ಲೆಂಡಿನ ರೆಡಿಚ್ ಪಟ್ಟಣದಲ್ಲಿ. ಐದರ ವಯಸ್ಸಿನಲ್ಲೇ ಡಬ್ಬಗಳನ್ನು ಬಾರಿಸತೊಡಗಿದ ಅವರು ಬಹುಮಟ್ಟಿಗೆ ಸ್ವಯಂಶಿಕ್ಷಿತರು. ಶಾಲೆ ಬಿಟ್ಟ ಬಳಿಕ ಕೆಲಕಾಲ ತಂದೆಯ ಬಳಿ ಮರಗೆಲಸ ಮಾಡಿದರು. 1968ರಲ್ಲಿ ಲೆಡ್ ಝೆಪೆಲಿನ್ ಸೇರಿದರು.

ಅವರ ಫಿಲ್‌ಗಳ ಬೆರಗು ವೇಗದಲ್ಲಷ್ಟೇ ಇಲ್ಲ. ತಿಶ್ರ ನಡೆಯ ‘ತಕಿಟ’ವನ್ನು ನೆನೆಯಿರಿ. ಮೂರು ಪೆಟ್ಟುಗಳಲ್ಲಿ ಎರಡನ್ನು ಕೈಗಳು ನುಡಿಸಿದರೆ, ಒಂದನ್ನು ಬಲಗಾಲು ಪೆಡಲ್ ಒತ್ತಿ ದೊಡ್ಡ ಬಾಸ್ ಡ್ರಮ್ಮಿನ ಮೇಲೆ ನುಡಿಸುತ್ತಿತ್ತು. ಸಾಮಾನ್ಯವಾಗಿ ತಾಳದ ಬುನಾದಿಯನ್ನಷ್ಟೇ ಹೊರುವ ಕಾಲು ಇಲ್ಲಿ ನುಡಿಕಾರದ ಒಳಗೇ ಸೇರಿ ಮೂರನೆಯ ಕೈಯಾಯಿತು. 1969ರ ‘ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್’ ಕೇಳಿದರೆ ಎರಡು ಪೆಡಲ್‌ಗಳಿವೆ ಎಂದೇ ಭಾಸವಾಗುತ್ತದೆ, ಇದ್ದದ್ದು ಒಂದೇ. ಎರಡನೆಯ ಗುಣ ಸಂಯಮ. 1971ರ ‘ವೆನ್ ದ ಲೆವೀ ಬ್ರೇಕ್ಸ್’ ಧ್ವನಿಮುದ್ರಣವಾದದ್ದು ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಲ್ಲಿ. ಡ್ರಮ್ಮನ್ನು ಹಜಾರದಲ್ಲಿಟ್ಟು, ಮೈಕುಗಳನ್ನು ಮೆಟ್ಟಿಲ ಬಳಿ ಮೇಲಿಂದ ತೂಗುಬಿಟ್ಟಿದ್ದರು. ಪೆಟ್ಟುಗಳ ನಡುವೆ ಬಾನಮ್ ಬಿಟ್ಟ ಜಾಗವನ್ನು ಪ್ರತಿಧ್ವನಿಯೇ ತುಂಬಿತು.

1980ರ ಸೆಪ್ಟೆಂಬರ್ 25ರಂದು, 32ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹಿಂದಿನ ದಿನ ಸುಮಾರು 40 ಅಳತೆ ವೋಡ್ಕಾ ಕುಡಿದು ಮಲಗಿದ್ದ ಅವರು, ನಿದ್ರೆಯಲ್ಲಿ ವಾಂತಿ ಶ್ವಾಸನಾಳಕ್ಕೆ ಸೇರಿ ಅಸುನೀಗಿದರೆಂದು ವಿಚಾರಣೆ ನಿರ್ಣಯಿಸಿತು. ವೈದ್ಯನಾದ ನನಗೆ ಈ ಸಾವಿನಲ್ಲಿ ನಿಗೂಢವೇನೂ ಕಾಣದು. ಗಂಟಲಿಗೆ ಏನಾದರೂ ನುಗ್ಗಿದೊಡನೆ ಕೆಮ್ಮು ಬರಿಸುವ ಸಹಜ ರಕ್ಷಣೆಯನ್ನು ಅತಿಯಾದ ಮದ್ಯ ಕುಗ್ಗಿಸುತ್ತದೆ. ಕುಡಿದು ಎಚ್ಚರ ತಪ್ಪಿದವರು ನಿದ್ರಿಸುತ್ತಿದ್ದಾರೆಂದು ತಿಳಿದು ಒಂಟಿಯಾಗಿ ಬಿಡಬಾರದು. ಪಕ್ಕಕ್ಕೆ ಹೊರಳಿಸಿ, ತುರ್ತು ನೆರವು ಕರೆದು, ಬಳಿಯಲ್ಲೇ ಇರಬೇಕು.

ಅದೇ ಡಿಸೆಂಬರ್‌ನಲ್ಲಿ ತಂಡ ತನ್ನ ವಿಸರ್ಜನೆಯನ್ನು ಪ್ರಕಟಿಸಿತು. ಬಾನಮ್ ಅವರ ಪೆಟ್ಟುಗಳನ್ನು ಎಣಿಸಿ ಕಲಿಯಬಲ್ಲವರು ಅನೇಕರಿದ್ದರು. ಆದರೆ ಎಲ್ಲಿ ತುಂಬಬೇಕು, ಎಲ್ಲಿ ತೆರವು ಬಿಡಬೇಕು ಎಂಬ ಅವರ ವಿವೇಕಕ್ಕೆ ಬದಲಿ ವಾದಕನನ್ನು ಆ ಮೂವರು ಹುಡುಕಲಿಲ್ಲ. 2007ರಲ್ಲಿ ಲಂಡನ್ನಿನಲ್ಲಿ ಅವರು ಮತ್ತೆ ಒಂದಾಗಿ ನುಡಿಸಿದಾಗ ಡ್ರಮ್ಮಿನ ಮುಂದೆ ಕುಳಿತವರು ಬಾನಮ್ ಅವರ ಮಗ ಜೇಸನ್.