ಬರೆಯುವ ಬಾಲಕನನ್ನು ಕಟ್ಟಿದ ಪಿಯರ್ ಜಾಕೆ-ಡ್ರೋ

ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ನಗರದ ಕಲೆ ಮತ್ತು ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಪುಟ್ಟ ಮೇಜಿನೆದುರು ಕುಳಿತ ಒಬ್ಬ ಬಾಲಕನಿದ್ದಾನೆ. ಎತ್ತರ ಸುಮಾರು 70 ಸೆಂಟಿಮೀಟರ್. ಹೆಬ್ಬಾತಿನ ಗರಿಯ ಲೇಖನಿಯನ್ನು ಶಾಯಿಯಲ್ಲಿ ಅದ್ದುತ್ತಾನೆ, ಹೆಚ್ಚಿನ ಶಾಯಿ ಉದುರುವಂತೆ ಕೊಡವುತ್ತಾನೆ, ಬಳಿಕ ಕಾಗದದ ಮೇಲೆ ದುಂಡಗೆ ಬರೆಯುತ್ತಾನೆ. ಅವನ ಕಣ್ಣುಗಳು ಲೇಖನಿಯ ತುದಿಯನ್ನೇ ಹಿಂಬಾಲಿಸುತ್ತವೆ. ಜನರ ಮುಂದೆ ಅವನು ಮೊದಲು ಕಾಣಿಸಿಕೊಂಡದ್ದು 1774ರಲ್ಲಿ. ವಿದ್ಯುತ್ತಾಗಲಿ ಉಗಿಯಾಗಲಿ ಅವನ ನೆರವಿಗಿಲ್ಲ. ಮರದ ಮೈಯೊಳಗೆ ಅಡಗಿರುವ ಸುಮಾರು 6,000 ಬಿಡಿಭಾಗಗಳೇ ಅವನ ಜೀವ. ಅವನನ್ನು ಕಟ್ಟಿದಾತ ಗಡಿಯಾರ ತಯಾರಕ ಪಿಯರ್ ಜಾಕೆ-ಡ್ರೋ.

ಜಾಕೆ-ಡ್ರೋ 1721ರ ಜುಲೈ 28ರಂದು ಲಾ ಶೋ-ದ-ಫೋಂ ಎಂಬ ಬೆಟ್ಟದೂರಿನಲ್ಲಿ ಜನಿಸಿದ. ನ್ಯೂಶಾಟೆಲ್ ಸೀಮೆ ಅಂದು ಪ್ರಷ್ಯಾದ ಅರಸನ ಅಧೀನದಲ್ಲಿತ್ತು. ಹುಡುಗ ಪಾದ್ರಿಯಾಗಬೇಕೆಂಬುದು ಮನೆಯವರ ಬಯಕೆ. ಅದರಂತೆ ಬಾಸೆಲ್‌ನಲ್ಲಿ ತತ್ತ್ವಶಾಸ್ತ್ರವನ್ನೂ ನ್ಯೂಶಾಟೆಲ್‌ನಲ್ಲಿ ದೇವತಾಶಾಸ್ತ್ರವನ್ನೂ ಓದಿದ. ಆದರೆ ಅವನ ಸೀಮೆಯಲ್ಲಿ ಹಿಮ ಮುಚ್ಚಿದ ದೀರ್ಘ ಚಳಿಗಾಲದಲ್ಲಿ ರೈತರ ಮನೆಗಳೂ ಗಡಿಯಾರದ ಕಮ್ಮಟಗಳಾಗುತ್ತಿದ್ದವು. ಬಾಸೆಲ್ ಕೂಡ ಬರ್ನೂಲಿ ಮನೆತನದ ಗಣಿತಜ್ಞರ ಊರು. ಇಂಥ ಪರಿಸರದಲ್ಲಿ ಬೆಳೆದವನಿಗೆ ಧರ್ಮಪೀಠಕ್ಕಿಂತ ಹಲ್ಲುಚಕ್ರ ಪ್ರಿಯವಾದುದರಲ್ಲಿ ಆಶ್ಚರ್ಯವೇನಿಲ್ಲ.

1750ರಲ್ಲಿ ಮರಿಯಾನ್ ಸಾಂಡೋಳನ್ನು ವರಿಸಿದ. ಐದೇ ವರ್ಷಗಳಲ್ಲಿ, 1755ರಲ್ಲಿ, ಪತ್ನಿ ತೀರಿಕೊಂಡಳು. ಆಗ ಮಗ ಆನ್ರಿ-ಲೂಯಿಗೆ ಮೂರು ವರ್ಷ. ಜಾಕೆ-ಡ್ರೋ ಮರುಮದುವೆಯಾಗಲಿಲ್ಲ. ನೆರೆಮನೆಯ ಹುಡುಗ ಜಾನ್-ಫ್ರೆಡರಿಕ್ ಲೆಶೋನನ್ನೂ ಮಗನಂತೆ ಬೆಳೆಸಿ, ಇಬ್ಬರಿಗೂ ಕಸುಬು ಕಲಿಸಿದ. ಅವನ ಹೆಸರಿನಲ್ಲಿ ಪ್ರಸಿದ್ಧವಾದ ಯಂತ್ರಗಳು ವಾಸ್ತವದಲ್ಲಿ ಈ ಮೂವರ ಕೈಕೆಲಸ.

ಬೊಂಬೆಗಳಿಗೆ ಬೇಕಾದ ಹಣ ಬಂದದ್ದು ಸ್ಪೇನಿನಿಂದ. ನ್ಯೂಶಾಟೆಲ್‌ನ ಗವರ್ನರ್ ಆಗಿದ್ದ ಲಾರ್ಡ್ ಕೀತ್‌ನ ಸಲಹೆಯಂತೆ 1758ರಲ್ಲಿ ಜಾಕೆ-ಡ್ರೋ ಮಾವನೊಡನೆ ಗಡಿಯಾರಗಳನ್ನು ಗಾಡಿಯಲ್ಲಿ ಹೇರಿಕೊಂಡು ಮ್ಯಾಡ್ರಿಡ್‌ಗೆ ಹೊರಟ. ಅದೇ ಆಗಸ್ಟ್‌ನಲ್ಲಿ ರಾಣಿ ಬಾರ್ಬರಾ ನಿಧನಳಾದಳು. ಆರನೆಯ ಫರ್ಡಿನೆಂಡ್ ಶೋಕದಲ್ಲಿ ಮುಳುಗಿದ. ಆದರೂ ಗಡಿಯಾರಗಳು ಅರಸನನ್ನು ತಲುಪಿದವು. ಅವುಗಳಲ್ಲೊಂದು ಕುರುಬನ ಗಡಿಯಾರ. ಕುರುಬ ಕೊಳಲು ನುಡಿಸುತ್ತಾನೆ, ಪಕ್ಕದಲ್ಲಿ ನಾಯಿಯೊಂದು ಸೇಬಿನ ಬುಟ್ಟಿಯನ್ನು ಕಾಯುತ್ತದೆ. ಸೇಬನ್ನು ಯಾರಾದರೂ ಮುಟ್ಟಿದರೆ ಬೊಗಳುತ್ತದೆ, ಸ್ವಸ್ಥಾನಕ್ಕಿಟ್ಟರೆ ಸುಮ್ಮನಾಗುತ್ತದೆ. ಒಂದು ಗುಂಡಿಯ ಆನ್-ಆಫ್ ಸ್ಥಿತಿಯನ್ನು ಅರಿತು ಪ್ರತಿಕ್ರಿಯಿಸುವ ವ್ಯವಸ್ಥೆಯನ್ನು ಇಂದು ಡಿಜಿಟಲ್ ಇನ್‌ಪುಟ್, ಔಟ್‌ಪುಟ್ ಎನ್ನುತ್ತಾರೆ. ಆ ನಾಯಿ ಮಾಡುತ್ತಿದ್ದುದು ಅದಕ್ಕಿಂತ ಭಿನ್ನವಲ್ಲ. ಈ ಗಡಿಯಾರ ಸ್ಪೇನಿನ ರಾಜಸಂಗ್ರಹದಲ್ಲಿ ಉಳಿದಿದೆ. ಮಾಟಗಾರನೆಂಬ ಆರೋಪ ಹೊತ್ತು ಜಾಕೆ-ಡ್ರೋ ಮತವಿಚಾರಣೆಗೆ ಗುರಿಯಾಗುವುದರಲ್ಲಿದ್ದ ಎಂಬ ಕಥೆಯೂ ಪ್ರಚಲಿತವಾಗಿದೆ. ಅದು ಕಥೆಯಾಗಿಯೇ ಇರುವುದು ಲೇಸು. 1759ರಲ್ಲಿ ಅವನು ಕೈತುಂಬ ಚಿನ್ನದ ನಾಣ್ಯಗಳೊಂದಿಗೆ ಊರಿಗೆ ಮರಳಿದನೆಂಬುದಂತೂ ನಿಜ.

1768ರಿಂದ 1774ರವರೆಗೆ ಮೂರು ಬೊಂಬೆಗಳು ಸಿದ್ಧವಾದವು. ಸುಮಾರು 2,500 ಭಾಗಗಳ ಸಂಗೀತಗಾರ್ತಿ ತನ್ನ ಬೆರಳುಗಳಿಂದಲೇ ಆರ್ಗನ್ನಿನ ಮನೆಗಳನ್ನು ಒತ್ತುತ್ತಾಳೆ. ಅವಳ ಎದೆ ಉಸಿರಾಟದಂತೆ ಏರಿಳಿಯುತ್ತದೆ. ಸುಮಾರು 2,000 ಭಾಗಗಳ ಚಿತ್ರಕಾರ ಹದಿನೈದನೆಯ ಲೂಯಿಯ ಮುಖವನ್ನೂ ನಾಯಿಯನ್ನೂ ಬಿಡಿಸಿ, ಸೀಸಕಡ್ಡಿಯ ಪುಡಿಯನ್ನು ಊದಿ ಹಾರಿಸುತ್ತಾನೆ. ಇಬ್ಬರೂ ಮನಮೋಹಕರೇ. ಆದರೂ ಇಂದಿನ ಎಂಜಿನಿಯರುಗಳು ಹೆಚ್ಚು ಹೊತ್ತು ನಿಲ್ಲುವುದು ಬರಹಗಾರನ ಮುಂದೆ.

ಕಾರಣವಿದೆ. ಅವನ ಬೆನ್ನಿನೊಳಗೆ ಕ್ಯಾಮ್ ಎಂಬ ಅಂಕುಡೊಂಕು ಅಂಚಿನ ಬಿಲ್ಲೆಗಳ ಕಂಬವಿದೆ. ಪ್ರತಿ ಅಕ್ಷರಕ್ಕೂ ಮೂರು ಬಿಲ್ಲೆಗಳು: ಒಂದು ಕೈಯನ್ನು ಎಡಬಲಕ್ಕೆ ಸರಿಸುತ್ತದೆ, ಇನ್ನೊಂದು ಹಿಂದೆ ಮುಂದೆ, ಮೂರನೆಯದು ಲೇಖನಿಯನ್ನು ಎತ್ತಿ ಇಳಿಸಿ ಗೆರೆಯನ್ನು ದಪ್ಪವೋ ತೆಳುವೋ ಮಾಡುತ್ತದೆ. ಇಂದಿನ ಭಾಷೆಯಲ್ಲಿ ಇವು ಮೂರು ಅಕ್ಷಗಳು. ಇಷ್ಟೇ ಆಗಿದ್ದರೆ ಬೊಂಬೆ ಒಂದೇ ವಾಕ್ಯವನ್ನು ಬರೆಯುತ್ತ ಕೂರುತ್ತಿತ್ತು. ಜಾಕೆ-ಡ್ರೋ ಇದಕ್ಕೆ 40 ಸ್ಥಾನಗಳ ಚಕ್ರವೊಂದನ್ನು ಜೋಡಿಸಿದ. ಪ್ರತಿ ಸ್ಥಾನದ ಗೂಟದ ಎತ್ತರ ಕಂಬವನ್ನು ಎಷ್ಟು ಏರಿಸಬೇಕೆಂಬುದನ್ನು ನಿರ್ಧರಿಸುತ್ತದೆ. ಅಂದರೆ ಯಾವ ಅಕ್ಷರದ ಬಿಲ್ಲೆಗಳು ಕೈಯ ಸನ್ನೆಗಳಿಗೆ ಎದುರಾಗಬೇಕು ಎಂಬುದನ್ನು. ಗೂಟಗಳನ್ನು ಬದಲಿಸಿದರೆ ವಾಕ್ಯ ಬದಲಾಗುತ್ತದೆ. ಬಿಲ್ಲೆಗಳನ್ನು ಮುಟ್ಟಬೇಕಾಗಿಲ್ಲ.

ಬಹು-ಅಕ್ಷ ಯಂತ್ರಗಳ ಇಂದಿನ ನಿಯಂತ್ರಕಗಳಲ್ಲಿಯೂ ಬಹುತೇಕ ಇದೇ ಕ್ರಮ. ಚಲನೆಯ ಕಾರ್ಯಕ್ರಮಗಳನ್ನು ಮೊದಲೇ ಸ್ಮೃತಿಯಲ್ಲಿ ಇಟ್ಟಿರುತ್ತಾರೆ. ಎಷ್ಟನೆಯ ಕಾರ್ಯಕ್ರಮ ನಡೆಯಬೇಕೆಂಬುದನ್ನು ಇನ್‌ಪುಟ್ ತಂತಿಗಳು ಆನ್ ಅಥವಾ ಆಫ್ ಆಗಿ ತಿಳಿಸುತ್ತವೆ. ಆರು ತಂತಿಗಳಿದ್ದರೆ 64 ಕಾರ್ಯಕ್ರಮಗಳಲ್ಲಿ ಒಂದನ್ನು ಆರಿಸಬಹುದು. ಆರಂಭಕ್ಕೆ ಒಂದು ಪ್ರತ್ಯೇಕ ಸಂಕೇತ, ಮುಗಿದಾಗ ಔಟ್‌ಪುಟ್ ತಂತಿಯಲ್ಲಿ ಇನ್ನೊಂದು. ಆ ಮುಕ್ತಾಯದ ಸಂಕೇತ ಬರುವ ತನಕ ಹೊಸ ಸಂಖ್ಯೆಯನ್ನು ಸ್ವೀಕರಿಸದಂತೆ ವ್ಯವಸ್ಥೆ ಮಾಡುತ್ತಾರೆ. ಮಾಡದಿದ್ದರೆ ತೋಳು ಅರ್ಧ ದಾರಿಯಲ್ಲಿ ಬೇರೆ ಕೆಲಸಕ್ಕೆ ತಿರುಗಿ ಉಪಕರಣವೋ ವಸ್ತುವೋ ಮುರಿದೀತು. ಬರಹಗಾರನಲ್ಲಿ ಈ ಶಿಸ್ತು ಹಿತ್ತಾಳೆ, ಉಕ್ಕುಗಳಲ್ಲಿಯೇ ಇದೆ. ಕಂಬ ಏರಿಳಿಯುವಾಗ ಅದರ ತಿರುಗುವಿಕೆ ನಿಲ್ಲುತ್ತದೆ. ತಿರುಗುವಾಗ ಏರಿಳಿತ ನಿಲ್ಲುತ್ತದೆ. ಎರಡು ಕೆಲಸಗಳೂ ಸರದಿಯ ಮೇಲೆ ನಡೆಯುತ್ತವೆ. ಅಕ್ಷರಗಳು ಒಂದರ ಮೇಲೊಂದು ಬೀಳದಿರುವುದು ಇದರಿಂದಲೇ.

ಮೂರೂ ಬೊಂಬೆಗಳು ಪ್ಯಾರಿಸ್, ಲಂಡನ್ನುಗಳಲ್ಲಿ ಪ್ರದರ್ಶನಗೊಂಡವು. ಅವುಗಳ ಖ್ಯಾತಿ ಗಡಿಯಾರ ಮತ್ತು ಹಾಡುವ ಹಕ್ಕಿಗಳ ವ್ಯಾಪಾರಕ್ಕೆ ಜಾಹೀರಾತಾಯಿತು. ಲಂಡನ್ನಿನಲ್ಲಿ, 1784ರಲ್ಲಿ ಜಿನೀವಾದಲ್ಲಿ ಕಾರ್ಯಾಗಾರಗಳು ತೆರೆದವು. ಲಂಡನ್ನಿನ ವರ್ತಕ ಜೇಮ್ಸ್ ಕಾಕ್ಸ್‌ನ ಮೂಲಕ ಸರಕು ಚೀನಾದವರೆಗೆ ಹೋಯಿತು. ಶ್ರೀಮಂತರ ಜೇಬನ್ನೇ ನೆಚ್ಚಿದ ಇಂಥ ವ್ಯಾಪಾರ ಹವಾಮಾನ ಬದಲಾದೊಡನೆ ಕುಸಿಯುವಂಥದು. 1789ರ ಫ್ರೆಂಚ್ ಕ್ರಾಂತಿ ಐರೋಪ್ಯ ವಿಲಾಸವಸ್ತುಗಳ ಮಾರುಕಟ್ಟೆಯನ್ನೇ ಅಲುಗಿಸಿತು. 1790ರ ನವೆಂಬರ್ 28ರಂದು ಜಾಕೆ-ಡ್ರೋ ಬೀಲ್‌ನಲ್ಲಿ ಕೊನೆಯುಸಿರೆಳೆದ. ಮರುವರ್ಷವೇ ಮಗ ಆನ್ರಿ-ಲೂಯಿ ನೇಪಲ್ಸ್‌ನಲ್ಲಿ ನಿಧನನಾದ. ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ. ಕಸುಬನ್ನು ಮುಂದುವರಿಸಲು ಉಳಿದವನು ಲೆಶೋ ಒಬ್ಬನೇ. ಅವನು 1824ರವರೆಗೆ ಬದುಕಿದ.

ಬೊಂಬೆಗಳು ಅಷ್ಟರಲ್ಲಿ ಪರರ ಪಾಲಾಗಿದ್ದವು. ಒಡೆಯರು ಬದಲಾದರು, ಮೇಳಗಳಲ್ಲಿ ಟಿಕೆಟು ಕೊಟ್ಟು ನೋಡುವ ವಿನೋದವಾಗಿ ಅವು ಶತಮಾನಕ್ಕೂ ಮಿಕ್ಕಿ ಊರೂರು ಅಲೆದವು. ಕೊನೆಗೆ 1906ರಲ್ಲಿ ನ್ಯೂಶಾಟೆಲ್‌ನ ಇತಿಹಾಸ ಮತ್ತು ಪುರಾತತ್ತ್ವ ಸಂಘ 75,000 ಚಿನ್ನದ ಫ್ರಾಂಕ್ ತೆತ್ತು ಮೂವರನ್ನೂ ಒಟ್ಟಾಗಿ ಖರೀದಿಸಿತು. 1909ರಲ್ಲಿ ಅವು ವಸ್ತುಸಂಗ್ರಹಾಲಯ ಸೇರಿದವು. ಬರಹಗಾರನ ಚಕ್ರದ ಗೂಟಗಳನ್ನು ಇಂದಿಗೂ ಬದಲಿಸಬಹುದು. ಬದಲಿಸಿದ ವಾಕ್ಯವನ್ನು ಅವನು ಬರೆಯುತ್ತಾನೆ. ನಲವತ್ತು ಅಕ್ಷರಗಳ ಮಿತಿ ಮಾತ್ರ ಹಾಗೆಯೇ ಇದೆ.